ಹಳೆಯ ಕಾರಿನ ಮೈಯಲ್ಲಿ ಅಡಗಿದ ಸೀಸ

ಮೋಟಾರು ಗಾಡಿಗೂ ಮದರಾಸು ಪಟ್ಟಣಕ್ಕೂ ಇರುವ ನಂಟು ಒಂದು ಶತಮಾನವನ್ನು ಮೀರಿದ್ದು. 1840ರಲ್ಲಿ ಕುದುರೆಗಾಡಿಗಳನ್ನು ಕಟ್ಟುವ ಉದ್ಯಮವಾಗಿ ಹುಟ್ಟಿದ ಸಿಂಪ್ಸನ್ ಕಂಪನಿಯಲ್ಲಿ 1903ರಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬವರು ಉಗಿಯಿಂದ ಓಡುವ ಕಾರೊಂದನ್ನು ನಿರ್ಮಿಸಿದರು. ಸ್ವಾತಂತ್ರ್ಯಾನಂತರ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಸಂಸ್ಥೆ ಆಸ್ಟಿನ್ ಎ-40 ಕಾರುಗಳನ್ನು ಜೋಡಿಸತೊಡಗಿತು. ಆಡಿಸನ್ ಕಂಪನಿ ಮಾರಿಸ್ ಮೈನರ್ ಗಾಡಿಗಳನ್ನು ಜೋಡಿಸಿತು. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಈ ನಗರದಿಂದಲೇ ಹೊರಬಂತು. ಮೌಂಟ್ ರೋಡು ಅಣ್ಣಾ ಸಾಲೈ ಆದರೂ, ಅದರ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಬಿಡಿಭಾಗಗಳ ವ್ಯಾಪಾರ ನಡೆದೇ ಇದೆ. ಪುದುಪೇಟೆಯಲ್ಲಿ ಹಳೆಯ ಗಾಡಿಗಳ ಬಾಗಿಲು, ಬಾನೆಟ್ಟು, ಮಡ್‌ಗಾರ್ಡುಗಳು ಇಂದಿಗೂ ದೊರೆಯುತ್ತವೆ.

ಉದ್ಯೋಗ ನಿಮಿತ್ತ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೂ ಇಂಥ ಗಾಡಿಗಳು ಅಪರಿಚಿತವಲ್ಲ. ಅಜ್ಜನವರು ಕೊಂಡ ಕಾರು ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ಹೊದಿಕೆ ಹೊದ್ದು ನಿಂತಿರುವ ಮನೆಗಳುಂಟು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡು ಬಂದವರಿಗೆ, ತಮ್ಮ ಮನೆಯ ಗಾಡಿಯನ್ನೂ ಹಾಗೆಯೇ ಹೊಸದಾಗಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮೇಲೆ ಈ ಹವ್ಯಾಸಕ್ಕೆ ಇನ್ನಷ್ಟು ಇಂಬು ದೊರೆತಿದೆ.

ಹವ್ಯಾಸವೇನೋ ಒಳ್ಳೆಯದೇ. ಆದರೆ ಹಳೆಯ ಕಾರನ್ನು ಬಿಚ್ಚುವವರು ಅರಿತಿರಲೇಬೇಕಾದ ಆರೋಗ್ಯದ ವಿಷಯವೊಂದಿದೆ. ಬಣ್ಣದ ಪದರಗಳ ಕೆಳಗೆ, ತಗಡುಗಳು ಕೂಡುವ ಸಂದುಗಳಲ್ಲಿ, ಆ ಕಾಲದ ಕಾರುಗಳಿಗೆ ಸೀಸವನ್ನು ತುಂಬುತ್ತಿದ್ದರು. ಸುಮ್ಮನೆ ಇದ್ದಷ್ಟು ಕಾಲ ಈ ಸೀಸ ಯಾರನ್ನೂ ಬಾಧಿಸದು. ಅದನ್ನು ಉಜ್ಜಿ ಧೂಳು ಮಾಡಿದ ಕ್ಷಣದಿಂದ ಅದು ಕೆಲಸಗಾರನ ಶ್ವಾಸಕೋಶಕ್ಕೂ ಮನೆಯ ಮಗುವಿನ ಬಾಯಿಗೂ ದಾರಿ ಹುಡುಕುತ್ತದೆ.

ಸೀಸ ಕಾರಿಗೆ ಬಂದ ಬಗೆ

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ಈ ಕೆಲಸವನ್ನು ವಿವರಿಸುವುದು ಸುಲಭ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಚಿಮುಕಿಸಿ, ಕರಗಿದ ತವರವನ್ನು ಹತ್ತಿಯಿಂದ ಒರೆಸಿ ಹರಡುತ್ತಾನೆ. ಕಾರಿನ ಉಕ್ಕಿನ ತಗಡಿಗೂ ಮೊದಲು ಹೀಗೆಯೇ ತೆಳುವಾಗಿ ಕಲಾಯಿ ಮಾಡಿ, ಅದರ ಮೇಲೆ ಸೀಸ ಮತ್ತು ತವರದ ಮಿಶ್ರಲೋಹವನ್ನು ಮೆತ್ತುತ್ತಿದ್ದರು. ಇದರಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಭಾಗ ಸೀಸ, 30 ಭಾಗ ತವರ.

ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಒಮ್ಮೆಲೇ ಕರಗಿ ನೀರಾಗುತ್ತದೆ. ಈ ಮಿಶ್ರಣವಾದರೋ 183 ಡಿಗ್ರಿಯಲ್ಲಿ ಮೆತ್ತಗಾಗತೊಡಗಿ, ಸುಮಾರು 255 ಡಿಗ್ರಿಯವರೆಗೂ ಬೆಣ್ಣೆಯಂತೆ ಮಿದುವಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಕೊಬ್ಬು ಸವರಿದ ಮರದ ಹಲಗೆಯಿಂದ ಅದನ್ನು ಬೇಕಾದ ಆಕಾರಕ್ಕೆ ತೀಡಬಹುದು. ಛಾವಣಿಯು ಕಂಬಕ್ಕೆ ಸೇರುವ ಜಾಗ, ಹಿಂದಿನ ಮಡ್‌ಗಾರ್ಡಿನ ಸಂದು, ಬಾಗಿಲ ಸುತ್ತಲಿನ ಬೆಸುಗೆಯ ಗೆರೆ, ಇವನ್ನು ಮರೆಮಾಡಲು ಕಾರ್ಖಾನೆಗಳೇ ಸೀಸವನ್ನು ಬಳಸುತ್ತಿದ್ದವು. ಮುಂದೆ ಅಪಘಾತದ ಗುಳಿಗಳನ್ನು ತುಂಬಲು ಟಿಂಕರಿಂಗ್ ಮೇಸ್ತ್ರಿಗಳೂ ಅದನ್ನೇ ಬಳಸಿದರು. 1950ರ ದಶಕದ ನಡುವಿನಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂದ ಮೇಲೆ ಸೀಸದ ಬಳಕೆ ಮೆಲ್ಲಮೆಲ್ಲನೆ ಇಳಿಯಿತು. ಆದುದರಿಂದ 1980ಕ್ಕೆ ಹಿಂದಿನ ಯಾವುದೇ ಕಾರಿನಲ್ಲಿ ಸೀಸ ಇದೆಯೆಂದೇ ಭಾವಿಸಿ ಕೆಲಸಕ್ಕೆ ಇಳಿಯುವುದು ಕ್ಷೇಮ.

ಹೆಸರಿನಿಂದ ಆಗುವ ಗೊಂದಲ

ಚೆನ್ನೈಯಲ್ಲಿ ಕನ್ನಡಿಗರು ಗಮನಿಸಬೇಕಾದ ಮಾತೊಂದುಂಟು. ಇಲ್ಲಿನ ಗ್ಯಾರೇಜಿನಲ್ಲಿ ಸೀಸಕ್ಕೆ ‘ಈಯಂ’ ಎನ್ನುತ್ತಾರೆ. ತಮಿಳಿನಲ್ಲಿ ಬಿಳಿಯ ಈಯವೆಂದರೆ ತವರ, ಕರಿಯ ಈಯವೆಂದರೆ ಸೀಸ. ಬರಿಯ ಈಯವೆಂದಾಗ ಎರಡೂ ಆಗಬಹುದು. ಸಾರು ಕುದಿಸುವ ಈಯದ ಚೊಂಬು ತವರದ್ದೇ ಆಗಿರಬೇಕು. ಅದಕ್ಕೆ ಅಗ್ಗದ ಸೀಸ ಬೆರೆತರೆ ಊಟವೇ ವಿಷವಾಗುತ್ತದೆ. ನಮ್ಮ ಆಯುರ್ವೇದದ ರಸಶಾಸ್ತ್ರವು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿ, ಸೀಸಕ್ಕೆ ‘ನಾಗ’ವೆಂದೂ ತವರಕ್ಕೆ ‘ವಂಗ’ವೆಂದೂ ಹೆಸರಿಟ್ಟಿದೆ. ನಾವು ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುವುದುಂಟು. ಅದರಲ್ಲಿರುವುದು ಗ್ರಾಫೈಟೇ ಹೊರತು ಸೀಸವಲ್ಲ. ಹೀಗೆ ಹೆಸರನ್ನು ನಂಬಿ ಕೂರದೆ, ಮೇಸ್ತ್ರಿಯೊಡನೆ ಮಾತಾಡುವಾಗ ಯಾವ ಲೋಹವೆಂಬುದನ್ನು ಬಿಡಿಸಿ ಕೇಳಿಕೊಳ್ಳುವುದು ಲೇಸು.

ಇರುವ ಸೀಸ, ಏಳುವ ಸೀಸ

ಗಟ್ಟಿಯಾದ ಸೀಸದ ತುಂಡನ್ನು ಒಮ್ಮೆ ಮುಟ್ಟಿದ ಮಾತ್ರಕ್ಕೆ ಯಾರಿಗೂ ವಿಷವೇರುವುದಿಲ್ಲ. ಚರ್ಮದ ಮೂಲಕ ಲೋಹರೂಪದ ಸೀಸ ಒಳಸೇರುವುದು ತೀರ ಕಡಿಮೆ. ಅಪಾಯದ ದಾರಿಗಳು ಎರಡು: ಮೂಗು ಮತ್ತು ಬಾಯಿ. ಹೀಗಾಗಿ ಸೀಸವನ್ನು ಯಾವ ರೂಪಕ್ಕೆ ತರುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಜನರು ಸಾಮಾನ್ಯವಾಗಿ ಹೆದರುವುದು ಕರಗಿದ ಸೀಸದ ಆವಿಗೆ. ಆದರೆ ಮೆತ್ತಗಾಗುವ ಹದದಲ್ಲಿ, ಎಂದರೆ ಇನ್ನೂರೈವತ್ತು ಡಿಗ್ರಿಯ ಆಸುಪಾಸಿನಲ್ಲಿ, ಈ ಮಿಶ್ರಣದಿಂದ ಆವಿ ಏಳುವುದು ಅತ್ಯಲ್ಪ. ಸುಮಾರು 500 ಡಿಗ್ರಿಯನ್ನು ದಾಟಿದಾಗಲೇ ಅದು ಗಣನೀಯವಾಗುತ್ತದೆ. ಮೂರು ಸಾವಿರ ಡಿಗ್ರಿಗೂ ಮೀರಿದ ಗ್ಯಾಸ್ ವೆಲ್ಡಿಂಗ್ ಜ್ವಾಲೆಯನ್ನು ನೇರವಾಗಿ ಹಿಡಿದರೆ ಮಾತ್ರ ಆ ಮಿತಿಯನ್ನು ಕ್ಷಣದಲ್ಲಿ ದಾಟಿಬಿಡಬಹುದು.

ಅದಕ್ಕಿಂತ ದೊಡ್ಡ ಶತ್ರು ವಿದ್ಯುತ್ ಗ್ರೈಂಡರು. ತಿರುಗುವ ಕಲ್ಲಿಗೆ ಸಿಕ್ಕ ಸೀಸ ಕಣ್ಣಿಗೆ ಕಾಣದ ಹುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಚೆನ್ನೈಯ ಸೆಕೆಗೆಂದು ಇಟ್ಟ ಫ್ಯಾನು ಅದನ್ನು ಓಣಿಯ ತುದಿಯವರೆಗೂ ಹರಡುತ್ತದೆ. ಎಮರಿ ಕಾಗದದಿಂದ ಒಣಗಾಗಿ ಉಜ್ಜಿದರೂ ಅದೇ ಫಲ. ಮೂಗಿಗೆ ಕಟ್ಟಿದ ಕರವಸ್ತ್ರ ಆ ಹುಡಿಯನ್ನು ತಡೆಯಲಾರದು. ಬೆವರಿದ ಮೈಗೆ, ಲುಂಗಿಗೆ, ತಲೆಗೂದಲಿಗೆ ಅಂಟಿದ ಧೂಳು ಸಂಜೆ ಮನೆ ಸೇರುತ್ತದೆ. ಮಧ್ಯಾಹ್ನದ ಊಟದ ಡಬ್ಬಿ, ನಡುವೆ ಸೇದುವ ಬೀಡಿ, ಕುಡಿಯುವ ಚಹಾದ ಲೋಟ, ಎಲ್ಲವೂ ಕೈಯಿಂದ ಬಾಯಿಗೆ ಸೀಸವನ್ನು ಸಾಗಿಸುವ ವಾಹನಗಳೇ ಆಗುತ್ತವೆ.

ಇದಲ್ಲದೆ ಸೀಸದ ಮೇಲಿರುವ ಹಳೆಯ ಬಣ್ಣದಲ್ಲಿಯೂ ಸೀಸವಿರಬಹುದು. ಕೆಂಪು ಸೀಸದ ಪ್ರೈಮರು ಮತ್ತು ಕೆಲವು ಹಳದಿ ವರ್ಣಗಳು ಸೀಸದಿಂದಲೇ ತಯಾರಾಗುತ್ತಿದ್ದವು. ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿ 2017ರ ನವೆಂಬರಿನಿಂದ ಜಾರಿಗೆ ತಂದಿತು. ಆದರೆ ಆ ನಿಯಮ ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು. ಐವತ್ತು ವರ್ಷ ಹಿಂದೆ ಬಳಿದ ಕಾರಿನ ಬಣ್ಣಕ್ಕೆ ಯಾವ ನಿಯಮವೂ ಹಿಂದಿನಿಂದ ಅನ್ವಯವಾಗಲಾರದು.

ದೇಹದೊಳಗೆ ಸೀಸದ ನಡೆ

ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆದರೂ ದೇಹವು ಅದನ್ನು ಸುಣ್ಣದ ಅಂಶವೆಂದು ಭ್ರಮಿಸಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರ ದೇಹ ಹೀರುವುದು ಸುಮಾರು ಹತ್ತನೆಯ ಒಂದು ಭಾಗವಾದರೆ, ಎಳೆಯ ಮಕ್ಕಳ ದೇಹ ಹೀರುವುದು ಅರ್ಧದಷ್ಟು. ರಕ್ತದಲ್ಲಿ ಸೇರಿದ ಸೀಸ ಅರ್ಧಕ್ಕೆ ಇಳಿಯಲು ಒಂದು ತಿಂಗಳಷ್ಟು ಕಾಲ ಬೇಕು. ಎಲುಬಿನಲ್ಲಿ ಸೇರಿದ ಸೀಸ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಗರ್ಭಿಣಿಯ ಎಲುಬಿನಿಂದ ಸುಣ್ಣದ ಜೊತೆಗೆ ಆ ಹಳೆಯ ಸೀಸವೂ ಕರಗಿ ಮಗುವಿಗೆ ಸೇರುತ್ತದೆ. ಅಂದರೆ ತಾಯಿ ಬಾಲ್ಯದಲ್ಲಿ ಉಸಿರಾಡಿದ ಧೂಳಿನ ಸಾಲವನ್ನು ಹುಟ್ಟುವ ಕೂಸು ತೀರಿಸಬೇಕಾಗುತ್ತದೆ.

ದೊಡ್ಡವರಲ್ಲಿ ಆಯಾಸ, ತಲೆನೋವು, ಮಲಬದ್ಧತೆ, ಹಿಂಡಿದಂಥ ಹೊಟ್ಟೆಶೂಲೆ, ರಕ್ತಹೀನತೆ, ಮುಂಗೋಪ, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಗಳ ಹಾನಿ ತೋರಬಹುದು. ವಿಷ ಹೆಚ್ಚಾದಾಗ ಒಸಡಿನ ಅಂಚಿನಲ್ಲಿ ನೀಲಿ ಗೆರೆ ಕಾಣುತ್ತದೆ. ಮಣಿಕಟ್ಟು ಬಲಗುಂದಿ ಜೋತುಬೀಳುತ್ತದೆ. ಮಕ್ಕಳಲ್ಲಿ ಇಷ್ಟೆಲ್ಲ ಆಗುವುದಕ್ಕೆ ಮುನ್ನವೇ ಬುದ್ಧಿಶಕ್ತಿ ಕುಗ್ಗುತ್ತದೆ, ಗಮನ ಚದರುತ್ತದೆ. ಸೀಸಕ್ಕೆ ಸುರಕ್ಷಿತವಾದ ಮಟ್ಟವೆಂಬುದು ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ರಕ್ತದ ನೂರು ಮಿಲಿಲೀಟರಿನಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೂ ಅದರ ಮೂಲವನ್ನು ಹುಡುಕಿ ದೂರಮಾಡಬೇಕೆಂದು ಅದು 2021ರಲ್ಲಿ ಸಲಹೆ ನೀಡಿತು.

ಬೆಂಗಳೂರು ಕೊಟ್ಟ ಎಚ್ಚರಿಕೆ, ಚೆನ್ನೈಯ ಮಕ್ಕಳು

ನಮ್ಮ ದೇಶದಲ್ಲಿ ಸೀಸದ ವಿಷಯವಾಗಿ ಮೊದಲು ಗಟ್ಟಿಯಾಗಿ ಮಾತನಾಡಿದ ನಗರಗಳಲ್ಲಿ ಬೆಂಗಳೂರು ಒಂದು. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ರಕ್ತದಲ್ಲಿನ ಸೀಸವನ್ನು ಅಳೆಯುವ ಕಾರ್ಯವನ್ನು ಒಂದು ವ್ರತದಂತೆ ನಡೆಸಿ, ಸೀಸದ ವಿಷಕ್ಕಾಗಿ ರಾಷ್ಟ್ರೀಯ ಪರಾಮರ್ಶನ ಕೇಂದ್ರವನ್ನು ಕಟ್ಟಿದರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಸಂಸ್ಥೆ ಬೆಂಗಳೂರು, ಚೆನ್ನೈ ಸೇರಿದಂತೆ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿನ ಸೀಸ ಕಂಡುಬಂತು. 1999ರ ಫೆಬ್ರುವರಿಯಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ಜರುಗಿತು. ಮರುವರ್ಷ, 2000ದ ಫೆಬ್ರುವರಿಯಿಂದ, ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಜಾರಿಗೆ ಬಂತು.

ಅಲ್ಲಿಗೆ ಕಾಟ ತೀರಿತೆಂದು ಹಲವರು ಭಾವಿಸಿದರು. ಆದರೆ ಚೆನ್ನೈಯಲ್ಲಿ ಮೂರರಿಂದ ಏಳು ವರ್ಷದ 756 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ರಕ್ತದ ಸೀಸದ ಸರಾಸರಿ 11.4 ಮೈಕ್ರೋಗ್ರಾಂ ಎಂದು ತಿಳಿದುಬಂತು. ಸೀಸ ಹೆಚ್ಚಿದ್ದ ಮಕ್ಕಳಲ್ಲಿ ಗಮನ ಮತ್ತು ವರ್ತನೆಯ ತೊಂದರೆಗಳೂ ಹೆಚ್ಚಾಗಿದ್ದವು. ಆ ಸೀಸವೆಲ್ಲ ಗ್ಯಾರೇಜುಗಳಿಂದಲೇ ಬಂದಿತೆಂದು ಹೇಳುವಂತಿಲ್ಲ. ಹಳೆಯ ಬ್ಯಾಟರಿಗಳನ್ನು ಕರಗಿಸುವಲ್ಲಿ, ಬಣ್ಣಗಳಲ್ಲಿ, ಪಾತ್ರೆಗಳಲ್ಲಿ, ನೆಲದ ಮಣ್ಣಿನಲ್ಲಿ ಅದರ ಬೇರುಗಳಿವೆ. ಪೆಟ್ರೋಲಿನಿಂದ ಸೀಸ ಹೋದ ಮೇಲೆಯೂ ಧೂಳಿನಿಂದ ಅದು ಹೋಗಿರಲಿಲ್ಲವೆಂಬುದು ಮಾತ್ರ ಸ್ಪಷ್ಟ. 2020ರಲ್ಲಿ ಯುನಿಸೆಫ್ ಹೊರತಂದ ವರದಿಯು ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚಿನ ಸೀಸವಿದೆಯೆಂದು ಅಂದಾಜು ಮಾಡಿತು. ಈಗಾಗಲೇ ತುಂಬಿರುವ ಕೊಡಕ್ಕೆ ಹಳೆಯ ಕಾರಿನ ಸೀಸವನ್ನೂ ಸುರಿಯುವುದು ಸಲ್ಲದು.

ತೆಗೆಯಲೇಬೇಕೆ?

ಕೆಲಸ ಆರಂಭಿಸುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕಾರ್ಖಾನೆಯಲ್ಲಿ ತುಂಬಿದ ಸೀಸ ಬಿರುಕಿಲ್ಲದೆ, ಅಂಚಿನಲ್ಲಿ ಬಣ್ಣ ಉಬ್ಬದೆ, ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಮೇಲೆ ಪ್ರೈಮರು ಬಳಿಯುವುದೇ ಜಾಣತನ. ಅದು ಐವತ್ತು ವರ್ಷ ಬಾಳಿದೆ, ಇನ್ನೂ ಬಾಳೀತು. ಮೂಲರೂಪವನ್ನು ಕಾಪಾಡಿದಂತೆಯೂ ಆಗುತ್ತದೆ.

ಆದರೆ ಕಡಲ ಉಪ್ಪುಗಾಳಿಯ ಈ ಊರಿನಲ್ಲಿ ತಗಡಿಗೆ ತುಕ್ಕು ಬೇಗ ಹಿಡಿಯುತ್ತದೆ. 2015ರ ಡಿಸೆಂಬರಿನ ನೆರೆಯಲ್ಲಿಯೂ, 2023ರ ಡಿಸೆಂಬರಿನ ಮಿಚೌಂಗ್ ಚಂಡಮಾರುತದಲ್ಲಿಯೂ ನೀರಿನಲ್ಲಿ ನಿಂತ ಗಾಡಿಗಳೆಷ್ಟೋ. ತುಂಬಿದ ಸೀಸದ ಹಿಂದೆಯೇ ತಗಡು ತಿಂದುಹೋಗಿದ್ದರೆ, ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ. ಆಗ ಮಾತ್ರ ಸೀಸವನ್ನು ತೆಗೆಯದೆ ಗತಿಯಿಲ್ಲ.

ಗುರುತಿಸುವ ಬಗೆ ಹೀಗೆ: ಬಣ್ಣ ಹೋದ ಜಾಗದಲ್ಲಿ ಮಂಕಾದ ಬೂದುಬಣ್ಣದ ಲೋಹ ಕಾಣುತ್ತದೆ. ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಚಾಕುವಿನ ಮೊನೆಯಿಂದ ಗೀರಿದರೆ ಬೆಳ್ಳಿಯಂಥ ಹೊಳೆಯುವ ಗೆರೆ ಮೂಡುತ್ತದೆ. ಅಯಸ್ಕಾಂತ ಪುಟ್ಟಿಗೂ ಅಂಟದು. ಆದರೆ ಪುಟ್ಟಿಯ ಗೀರು ಹೊಳೆಯದೆ ಹುಡಿಯಾಗುತ್ತದೆ. ಪತ್ತೆ ಮಾಡುವ ಆತುರದಲ್ಲಿ ಗ್ರೈಂಡರನ್ನು ಹಿಡಿಯಬಾರದು.

ತೆಗೆಯುವ ಕ್ರಮ

ಮೊದಲನೆಯದು ಸ್ಥಳ. ಮನೆಯ ಮುಂಬಾಗಿಲಿನಲ್ಲಿ, ರಂಗೋಲಿ ಹಾಕುವ ಅಂಗಳದಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಈ ಕೆಲಸ ಕೂಡದು. ಗಾಳಿಯಾಡುವ, ಆದರೆ ಬೀಸುಗಾಳಿಯಿಲ್ಲದ ಷೆಡ್ಡು ಉತ್ತಮ. ಫ್ಯಾನನ್ನು ನಿಲ್ಲಿಸಬೇಕು. ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಬೇಕು. ಸೀಟು, ಒಳಗಿನ ಬಟ್ಟೆ, ರಬ್ಬರು, ಆ ಭಾಗದ ತಂತಿಗಳನ್ನು ತೆಗೆದಿಡಬೇಕು. ಬೆಂಕಿ ನಂದಿಸುವ ಸಾಧನ ಕೈಗೆಟುಕುವಂತಿರಬೇಕು. ಗಾಡಿಯ ಕೆಳಗೆ ಬೆಂಕಿಗೆ ಜಗ್ಗದ ತಗಡಿನ ಹಾಳೆಗಳನ್ನು ಹಾಸಿದರೆ, ಬಿದ್ದ ಸೀಸವನ್ನು ಒಂದು ಚೂರೂ ಬಿಡದೆ ಆರಿಸಬಹುದು.

ಎರಡನೆಯದು ಉಡುಪು. ಉದ್ದ ತೋಳಿನ ಹತ್ತಿಯ ಬಟ್ಟೆ, ತೊಗಲಿನ ಕೈಗವಸು, ಕಣ್ಣಿಗೆ ರಕ್ಷಕ ಕನ್ನಡಕ, ಬೂಟುಗಳು ಅವಶ್ಯ. ಮುಖಕ್ಕೆ ಸರಿಯಾಗಿ ಕೂರುವ, ಬದಲಿಸಬಹುದಾದ ಶೋಧಕಗಳಿರುವ ಅರ್ಧಮುಖದ ರೆಸ್ಪಿರೇಟರು ಬೇಕು. ಶೋಧಕ ಪಿ-100 ಅಥವಾ ಪಿ-3 ದರ್ಜೆಯದಾಗಿರಲಿ. ಗಡ್ಡದ ಮೇಲೆ ಅದು ಬಿಗಿಯಾಗಿ ಕೂರದೆ ಸೋರುತ್ತದೆ. ಸೆಕೆಗೆ ಮುಖ ಬೆವರಿ ಕಳಚಬೇಕೆನಿಸುವುದು ನಿಜ. ಆದುದರಿಂದ ಬೆಳಗಿನ ತಂಪಿನಲ್ಲಿ, ಅರ್ಧ ಅರ್ಧ ಗಂಟೆಯ ಸರದಿಯಲ್ಲಿ ಕೆಲಸ ಮಾಡುವುದು ಒಳ್ಳೆಯದು.

ಮೂರನೆಯದು ಬಣ್ಣ. ಹಳೆಯ ಬಣ್ಣದ ಮೇಲೆ ಜ್ವಾಲೆಯನ್ನು ಹಿಡಿದರೆ ಅದರಲ್ಲಿರುವ ಸೀಸವೇ ಹೊಗೆಯಾಗುತ್ತದೆ. ಮೊದಲು ಬಣ್ಣ ತೆಗೆಯುವ ದ್ರಾವಣವನ್ನು ಹಚ್ಚಿ, ಮೆತ್ತಗಾದ ಬಣ್ಣವನ್ನು ಒದ್ದೆಯಾಗಿಯೇ ಹೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಈ ದ್ರಾವಣಗಳ ವಾಸನೆಯೂ ಕೆಟ್ಟದ್ದು, ಅವು ಹೊತ್ತಿಕೊಳ್ಳಲೂಬಹುದು. ಆದುದರಿಂದ ಬಯಲಿನಲ್ಲಿ, ರಬ್ಬರಿನ ಕೈಗವಸು ತೊಟ್ಟು, ಹತ್ತಿರ ಬೆಂಕಿಯಿಲ್ಲದೆ ಈ ಕೆಲಸ ಮಾಡಿ, ಮೈ ಪೂರ್ತಿ ತೊಳೆದು ಒಣಗಿದ ಮೇಲೆಯೇ ಮುಂದಿನ ಹೆಜ್ಜೆ.

ನಾಲ್ಕನೆಯದು ಸೀಸ. ಮೃದುವಾದ ಸಣ್ಣ ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ ತಗಡನ್ನು ಬೆಚ್ಚಗೆ ಮಾಡಬೇಕು. ಸೀಸದ ಮೇಲ್ಮೈ ಮಿಂಚಿ ಬೆಣ್ಣೆಯಂತಾದ ಕೂಡಲೇ ಜ್ವಾಲೆಯನ್ನು ಸರಿಸಿ, ಮರದ ಹಲಗೆಯಿಂದ ಕೆಳಗಿನ ತಟ್ಟೆಗೆ ತೀಡಿ ಬೀಳಿಸಬೇಕು. ಸಂದಿನಲ್ಲಿ ಉಳಿದುದನ್ನು ಕೈಯಿಂದ ಹಿಡಿದ ತಂತಿ ಬ್ರಷ್ಷಿನಿಂದ, ತನ್ನ ಮುಖಕ್ಕೆ ಸಿಡಿಯದಂತೆ ಹೊರಮುಖವಾಗಿ, ಮೆಲ್ಲಗೆ ಒರೆಸಬೇಕು. ಯಂತ್ರಕ್ಕೆ ಸಿಕ್ಕಿಸಿದ ತಂತಿ ಚಕ್ರ ಸರ್ವಥಾ ಬೇಡ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಹಠಾತ್ತನೆ ಆವಿಯಾಗಿ ಸೀಸವನ್ನು ಸಿಡಿಸುತ್ತದೆ. ಬೆವರು ಸುರಿಯುವ ಊರಿನಲ್ಲಿ ಈ ಮಾತನ್ನು ಮರೆಯಬಾರದು.

ಉಕ್ಕಿಗೆ ಅಂಟಿದ ತೆಳುವಾದ ಕಲಾಯಿಯ ಪದರವನ್ನು ಪೂರ್ತಿಯಾಗಿ ಕಿತ್ತು ತೆಗೆಯಲು ಹೊರಟರೆ ಮತ್ತೆ ಉಜ್ಜುವ ಕೆಲಸವೇ. ಸರಿಪಡಿಸಲು ಬೇಕಾದಷ್ಟನ್ನು ಮಾತ್ರ ಒರಟು ಹಲ್ಲಿನ ಅರದಿಂದ ಹೆರೆಯಬೇಕು. ಅರದಿಂದ ಬೀಳುವುದು ಸುರುಳಿ ಸುರುಳಿಯಾದ ಚೂರು. ಅದು ಗಾಳಿಯಲ್ಲಿ ತೇಲದು. ಹೀಗೆ ಉದ್ದಕ್ಕೂ ನಿಯಮ ಒಂದೇ: ಸೀಸವನ್ನು ತುಂಡಾಗಿಯೋ ಹನಿಯಾಗಿಯೋ ತೆಗೆಯಬೇಕು, ಹುಡಿಯಾಗಿ ತೆಗೆಯಬಾರದು.

ಮತ್ತೆ ತುಂಬುವ ಬಗೆ

ಸೀಸ ಹೋದ ಮೇಲೆ ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತುಂಡನ್ನು ಬೆಸೆಯಬೇಕಾಗುತ್ತದೆ. ಸುತ್ತಲಿನ ಸೀಸ ಪೂರ್ತಿ ಹೋಗದೆ ವೆಲ್ಡಿಂಗ್ ಮಾಡಿದರೆ ಹೊಗೆಯೇಳುವುದಲ್ಲದೆ ಬೆಸುಗೆಯೂ ಹಿಡಿಯುವುದಿಲ್ಲ. ನುರಿತ ಮೇಸ್ತ್ರಿ ಸುತ್ತಿಗೆ ಮತ್ತು ಡಾಲಿಯಿಂದ ತಗಡನ್ನು ತಟ್ಟಿ ಸಮ ಮಾಡಿದಷ್ಟೂ ತುಂಬಬೇಕಾದ ಗುಳಿ ಕಡಿಮೆಯಾಗುತ್ತದೆ. ಯಾವ ಪುಟ್ಟಿಗಿಂತಲೂ ಈ ಕೈಕೆಲಸವೇ ಮೇಲು.

ಉಳಿದ ತಗ್ಗಿಗೆ ಎರಡು ದಾರಿಗಳಿವೆ. ಒಂದು, ಸೀಸರಹಿತ ಬೆಸುಗೆ. ಇದರಲ್ಲಿ ಬಹುಪಾಲು ತವರವೇ ಇರುತ್ತದೆ. ಬೆಲೆ ಹೆಚ್ಚು, ಮೆತ್ತಗಿರುವ ಉಷ್ಣದ ಅಂತರ ಕಡಿಮೆ, ಆದುದರಿಂದ ಕೈ ಪಳಗಬೇಕು. ಮೂಲ ವಿಧಾನವನ್ನೇ ಉಳಿಸಬೇಕೆನ್ನುವ ಹವ್ಯಾಸಿಗಳಿಗೂ, ಅದುರುವ ಸಂದುಗಳಿಗೂ ಇದು ತಕ್ಕುದು. ಎರಡು, ಪಾಲಿಯೆಸ್ಟರ್ ಪುಟ್ಟಿ ಅಥವಾ ಅಲ್ಯುಮಿನಿಯಂ ಹುಡಿ ಬೆರೆಸಿದ ಪುಟ್ಟಿ. ಇದನ್ನು ಎಪಾಕ್ಸಿ ಪ್ರೈಮರಿನ ಮೇಲೆ, ಮೂರು ಮಿಲಿಮೀಟರಿಗೆ ಮೀರದಂತೆ ತೆಳುವಾಗಿ ಹಚ್ಚಬೇಕು.

ಎರಡಕ್ಕೂ ಸಮಾನವಾದ ಎಚ್ಚರಿಕೆಯೊಂದಿದೆ. ಕಲಾಯಿಗೆ ಬಳಸಿದ ಫ್ಲಕ್ಸು ಆಮ್ಲಯುಕ್ತ. ಅದರ ಶೇಷ ಉಳಿದರೆ ಕೆಲವೇ ತಿಂಗಳಲ್ಲಿ ಬಣ್ಣ ಬೊಬ್ಬೆಯೇಳುತ್ತದೆ, ಮಾಡಿದ ಕೆಲಸವೆಲ್ಲ ಮತ್ತೆ ಬಿಚ್ಚಬೇಕಾಗುತ್ತದೆ. ಅಡಿಗೆ ಸೋಡ ಕರಗಿಸಿದ ನೀರಿನಿಂದ ಆ ಭಾಗವನ್ನು ಚೆನ್ನಾಗಿ ತೊಳೆದು, ಮತ್ತೆ ಶುದ್ಧ ನೀರಿನಿಂದ ತೊಳೆದು, ಪೂರ್ತಿ ಒಣಗಿಸಬೇಕು. ಪುಟ್ಟಿಯಲ್ಲಿ ಸೀಸವಿಲ್ಲವೆಂದು ಅದರ ಹುಡಿಯನ್ನು ಉಸಿರಾಡಬಹುದೆಂದಲ್ಲ. ಅದರ ಸ್ಟೈರೀನ್ ವಾಸನೆ ತಲೆ ತಿರುಗಿಸುತ್ತದೆ. ಹುಡಿ ಶ್ವಾಸಕೋಶವನ್ನು ಕೆಣಕುತ್ತದೆ. ನೀರಿಗೆ ತಾಳುವ ಎಮರಿ ಕಾಗದದಿಂದ ಪ್ರೈಮರನ್ನು ಒದ್ದೆಯಾಗಿ ಉಜ್ಜುವುದು ಸಾಧ್ಯ. ಆದರೆ ಪುಟ್ಟಿ ನೀರು ಹೀರುವುದರಿಂದ ಅದನ್ನು ಒಣಗಾಗಿಯೇ ತಿದ್ದಬೇಕು. ಆಗಲೂ ಮುಖದ ರಕ್ಷಣೆ ಬೇಕೇ ಬೇಕು.

ಕೆಲಸ ಮುಗಿದ ಮೇಲೆ

ನೆಲವನ್ನು ಕಸಬರಿಗೆಯಿಂದ ಗುಡಿಸಬಾರದು, ಕಂಪ್ರೆಸರಿನ ಗಾಳಿ ಹೊಡೆಯಬಾರದು. ಸಾಧಾರಣ ವ್ಯಾಕ್ಯೂಮ್ ಕ್ಲೀನರು ಸೂಕ್ಷ್ಮ ಧೂಳನ್ನು ಹಿಂದಿನಿಂದ ಮತ್ತೆ ಹೊರಕ್ಕೆ ಬಿಡುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಒರೆಸಿದ ನೀರನ್ನು ಬೀದಿಗೆ ಚೆಲ್ಲಿದರೆ ಐಪ್ಪಸಿಯ ಮಳೆ ಅದನ್ನು ನೆರೆಮನೆಯ ಬಾವಿಗೆ ತಲುಪಿಸೀತು. ಆರಿಸಿದ ಸೀಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಪರವಾನಗಿ ಪಡೆದ ಸೀಸ ಮರುಬಳಕೆದಾರರಿಗೇ ಒಪ್ಪಿಸಬೇಕು. ಗುಜರಿಗೆ ಹಾಕಿದರೆ ಅದು ಯಾವುದೋ ಹಿತ್ತಿಲಿನ ಒಲೆಯಲ್ಲಿ ಮತ್ತೆ ಕರಗುತ್ತದೆ.

ಊಟಕ್ಕೆ ಮೊದಲು ಉಗುರಿನ ಸಂದೂ ಬಿಡದೆ ಸೋಪಿನಿಂದ ಕೈತೊಳೆಯಬೇಕು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಕಳಚಿ, ಸ್ನಾನ ಮಾಡಿ, ಬೇರೆ ಬಟ್ಟೆಯಲ್ಲಿ ಮನೆಗೆ ಹೋಗಬೇಕು. ಆ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯಬಾರದು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ, ಬಾಳೆಹಣ್ಣು ತಿಂದರೆ ವಿಷ ಹೋಗುತ್ತದೆ ಎಂಬ ನಂಬಿಕೆಗಳು ಸೀಸದ ಮುಂದೆ ನಡೆಯವು. ಸುಣ್ಣ ಮತ್ತು ಕಬ್ಬಿಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಹೆಚ್ಚು ಹೀರುವುದರಿಂದ ರಾಗಿ, ಸೊಪ್ಪು, ಮೊಸರು ಹಿತಕರವೇನೋ ಹೌದು. ಆದರೆ ಅವು ಎಚ್ಚರಿಕೆಗೆ ಬದಲಿಯಲ್ಲ.

ಮೇಲಿಂದ ಮೇಲೆ ಈ ಕೆಲಸ ಮಾಡುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಸೀಸವನ್ನು ಪರೀಕ್ಷಿಸಿಕೊಳ್ಳಬೇಕು. ಇದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಸೀಸದ ಪರೀಕ್ಷೆಯೆಂದೇ ಕೇಳಿ ಮಾಡಿಸಬೇಕು. ಹೊಟ್ಟೆನೋವೆಂದು ವೈದ್ಯರ ಬಳಿ ಹೋದಾಗ ತಾನು ಮಾಡುವ ಕೆಲಸವೇನೆಂದು ತಿಳಿಸಬೇಕು, ಇಲ್ಲದಿದ್ದರೆ ಅವರಿಗೆ ಸೀಸದ ನೆನಪು ಬಾರದೆ ಹೋಗಬಹುದು. ಸೀಸ ಹೆಚ್ಚಿದೆಯೆಂದಾದರೆ ಮೊದಲ ಚಿಕಿತ್ಸೆ ಮೂಲದಿಂದ ದೂರವಿರುವುದು. ದೇಹದಿಂದ ಸೀಸವನ್ನು ಸೆಳೆದು ಹೊರಹಾಕುವ ಔಷಧಗಳಿವೆ. ಅವನ್ನು ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು.

ಒಡೆಯನ ಹೊಣೆ

1948ರ ಕಾರ್ಖಾನೆ ಕಾಯಿದೆಯೇ ಸೀಸದ ವಿಷವನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಮರದ ನೆರಳಿನಲ್ಲಿ ಇಬ್ಬರು ಮೂವರು ಸೇರಿ ನಡೆಸುವ ಗ್ಯಾರೇಜು ಕಾರ್ಖಾನೆಯೆಂಬ ವ್ಯಾಖ್ಯೆಗೆ ಒಳಪಡುತ್ತಿರಲಿಲ್ಲ. ಅಲ್ಲಿನ ಮೇಸ್ತ್ರಿಗೆ ತಪಾಸಣೆಯ ಅಧಿಕಾರಿಯೂ ಇಲ್ಲ, ಕಂಪನಿಯ ವೈದ್ಯರೂ ಇಲ್ಲ. ಇರುವುದು ಕಾರಿನ ಒಡೆಯರು ಮಾತ್ರ. ಕೂಲಿಯ ಚೌಕಾಶಿ ಮಾಡುವಾಗ ಒಂದು ದಿನದಲ್ಲಿ ಮುಗಿಸಿರೆಂದರೆ ಗ್ರೈಂಡರು ತಿರುಗುತ್ತದೆ. ನಾಲ್ಕು ದಿನ ಆಗಲಿ, ಹುಡಿಯೇಳದಂತೆ ಮಾಡಿರೆಂದು ಹೇಳಿ, ಆ ನಾಲ್ಕು ದಿನದ ಕೂಲಿಯನ್ನೂ ರೆಸ್ಪಿರೇಟರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿದರೆ ಅರವೂ ಮರದ ಹಲಗೆಯೂ ಹೊರಬರುತ್ತವೆ. ಸಹಾಯಕ್ಕೆಂದು ಎಳೆಯ ಹುಡುಗರನ್ನು ಆ ಷೆಡ್ಡಿನೊಳಗೆ ಬಿಡುವುದಿಲ್ಲವೆಂದು ಕಂಡರೆ ಮಾತ್ರ ಗಾಡಿಯನ್ನು ಒಪ್ಪಿಸಬೇಕು.

ಉಪ್ಪು ತಿಂದವನು ನೀರು ಕುಡಿಯಲೇಬೇಕೆನ್ನುತ್ತಾರೆ. ಸೀಸದ ವಿಷಯದಲ್ಲಿ ಉಪ್ಪು ತಿನ್ನುವವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು. ಅಜ್ಜನ ಕಾರು ಮತ್ತೆ ಹೊಳೆಯುವುದು ಸಂತೋಷದ ಸಂಗತಿಯೇ ಸರಿ. ಆ ಹೊಳಪಿಗೆ ಮೇಸ್ತ್ರಿಯ ಮನೆಯ ಕೂಸು ಬೆಲೆ ತೆರದಂತೆ ನೋಡಿಕೊಳ್ಳುವುದು ಕಾರಿನ ಒಡೆಯರ ಕೈಯಲ್ಲಿದೆ.